ನಕ್ಷೆಯ ಕೆಳಗಿನ ಅರ್ಧ

ಮಗಳು ಮೇಜಿನ ಕೆಳಗೆ ಮೊಣಕಾಲೂರಿ, ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ್ದ ವಯರುಗಳನ್ನು ಒಂದೊಂದಾಗಿ ಕಿತ್ತು, ಧೂಳು ಊದಿ, ಮತ್ತೆ ಚುಚ್ಚಿ ಗುಂಡಿ ಒತ್ತಿದಳು. ಡಬ್ಬದೊಳಗಿನ ಫ್ಯಾನು ಮುದುಕರ ಗಂಟಲಿನ ಹಾಗೆ ಗೊರಗುಟ್ಟಿ ತಿರುಗಿತು. ಎದ್ದು ನೋಡಿದರೆ ಪರದೆಯ ಮೇಲೆ ಮತ್ತದೇ ಕಪ್ಪು, ಅದೇ ಬಿಳಿ ಅಕ್ಷರ. ಸಿಸ್ಟಂ ಫೈಲೊಂದು ಕಾಣೆಯಾಗಿದೆ ಇಲ್ಲವೇ ಕೆಟ್ಟಿದೆ. ಮೂಲ ಸೀಡಿ ಹಾಕಿ ಸರಿಪಡಿಸಿಕೊಳ್ಳಿ.

“ಇನ್ನೂ ಎದ್ದಿಲ್ವಾ ಅದು?” ಎಂದು ಬಾಗಿಲಲ್ಲಿ ನಿಂತಿದ್ದ ಸೋದರತ್ತೆ ಕೇಳಿದಳು. ಕೇಳಿದ ಮೇಲೆ ಆ ಮಾತು ತನಗೇ ಸರಿಕಾಣದೆ ಪಕ್ಕದ ಕೋಣೆಯ ಕಡೆ ತಿರುಗಿ ನೋಡಿದಳು. ಅಲ್ಲಿ ಮಂಚದ ಮೇಲೆ ಅವಳ ಅಣ್ಣ ಬಿಳಿ ಹೊದಿಕೆ ಹೊದ್ದು ಮಲಗಿದ್ದ. ದಿನಾ ಕೋಳಿಗಿಂತ ಮೊದಲು ಬಾಗಿಲು ತೆಗೆಯುವ ಮನುಷ್ಯ ಹಿಂದಿನ ದಿನ ಬೆಳಿಗ್ಗೆ ತೆಗೆದಿರಲಿಲ್ಲ. ಅಷ್ಟೇ ನಡೆದದ್ದು.

ಆ ಮನೆ ಊರ ಸ್ಮಶಾನದ ಗೇಟಿಗೆ ಅಂಟಿಕೊಂಡೇ ಇತ್ತು. ಎರಡು ಕೋಣೆ, ಒಂದು ಅಡಿಗೆಮನೆ, ಹಿತ್ತಲಲ್ಲಿ ನಾಲ್ಕು ಮಡಿ ತರಕಾರಿ. ಅಪ್ಪ ಮೀಸೆ ಚಿಗುರುವ ಪ್ರಾಯದಲ್ಲಿ ಕಾವಲಿಗೆಂದು ಬಂದವನು ಅಲ್ಲೇ ಹಣ್ಣಾಗಿದ್ದ. ಯಾರಾದರೂ ಅವನ ಮೇಲೆ ರೇಗಿದರೆ, ರೇಗಪ್ಪ ರೇಗು, ಕೊನೆಗೆ ನನ್ನ ಹತ್ರಾನೇ ಬರ್ಬೇಕಲ್ಲ, ಒಳ್ಳೇ ಜಾಗ ಕೊಡ್ತೀನಿ ಎಂದು ನಕ್ಕುಬಿಡುತ್ತಿದ್ದ. ಈಗ ಅವನಿಗೇ ಜಾಗ ಸಿಕ್ಕದೆ ಜನ ಅಂಗಳದಲ್ಲಿ ಬೆಂಚು ಹಾಕಿಕೊಂಡು ಕೂತಿದ್ದರು.

ಜಾಗವೇ ಇರಲಿಲ್ಲ ಎಂದಲ್ಲ. ಮೇಲಿನ ಗೋಡೆಯ ಪಕ್ಕದ ಹೊಸ ಸಾಲು ಖಾಲಿ ಬಿದ್ದಿತ್ತು. ಆದರೆ ಅಪ್ಪ ತನ್ನ ಜಾಗವನ್ನು ಎಂದೋ ಗೊತ್ತುಮಾಡಿ ಇಟ್ಟುಕೊಂಡಿದ್ದ. ಹೆಂಡತಿಯ ಎಡಕ್ಕೆ ಒಬ್ಬಾಳು ಮಲಗುವಷ್ಟು ನೆಲ ಬಿಟ್ಟಿದ್ದೇನೆ, ನನ್ನನ್ನು ಬೇರೆ ಎಲ್ಲಿ ಹಾಕಿದರೂ ಎದ್ದು ಬರುತ್ತೇನೆ ಎಂದು ಕಂಡಕಂಡವರಿಗೆಲ್ಲ ಹೇಳಿದ್ದ. ಮಗಳ ಕೈಯಲ್ಲಂತೂ ಮಾತು ತೆಗೆದುಕೊಂಡಿದ್ದ. ತೊಡಕು ಏನೆಂದರೆ, ಆ ಹೆಂಡತಿ ಎಲ್ಲಿದ್ದಾಳೆ ಎನ್ನುವುದು ಈಗ ಅವನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. ಹಿಂದಿನ ಮಳೆಗಾಲದಲ್ಲಿ ಪಕ್ಕದ ಹಳ್ಳ ಉಕ್ಕಿ ಸ್ಮಶಾನದ ಕೆಳಗಿನ ಅರ್ಧದ ಮೇಲೆ ಹರಿದು, ನಂಬರಿನ ತಗಡು ಹೊಡೆದ ಮರದ ಗೂಟಗಳನ್ನೆಲ್ಲ ಬಾಚಿಕೊಂಡು ಹೋಗಿತ್ತು. ನೀರು ಇಳಿದಾಗ ದಿಬ್ಬಗಳೂ ಕರಗಿ ನೆಲ ಸಮನಾಗಿತ್ತು. ಈಗ ಅಲ್ಲಿ ಮೊಣಕಾಲುದ್ದ ಹುಲ್ಲು. ಗೊತ್ತಿಲ್ಲದವರು ನೋಡಿದರೆ ದನ ಬಿಡುವ ಬಯಲು ಎನ್ನಬೇಕು.

ಗೂಟ ಹೋದಾಗ ಊರಿನವರು ಗಾಬರಿಯಾಗಿದ್ದರು. ಹೋದರೆ ಹೋಗಲಿ, ನಕ್ಷೆ ಕಂಪ್ಯೂಟರಿನಲ್ಲಿದೆ, ಯಾರ ಪಕ್ಕ ಯಾರು ಅನ್ನುವುದೆಲ್ಲ ಅದರಲ್ಲಿ ಬರೆದಿದ್ದೇನೆ ಎಂದು ಅಪ್ಪ ಸಮಾಧಾನ ಹೇಳಿದ್ದ. ಹೊಸ ಗೂಟ ಬೇಸಿಗೆಗೆ ಹೊಡೆಸೋಣ ಎಂದು ಸಮಿತಿಯವರು ಸುಮ್ಮನಾದರು. ಬೇಸಿಗೆ ಇನ್ನೂ ಬಂದಿರಲಿಲ್ಲ.

ಸಮಿತಿಯ ಯಜಮಾನರು ಊರಲ್ಲಿ ಟೈರು ಅಂಗಡಿ ಇಟ್ಟವರು. ಈ ಕಂಪ್ಯೂಟರು ಒಂದು ಕಾಲಕ್ಕೆ ಅವರ ಗಲ್ಲಾದ ಪಕ್ಕ ಕೂತಿದ್ದದ್ದೇ. ಹೊಸದು ಬಂದ ಮೇಲೆ ಹಳೆಯದನ್ನು ಸ್ಮಶಾನಕ್ಕೆ ದಾನ ಮಾಡಿದ್ದರು. ಅವರೀಗ ಒಳಗೆ ಬಂದು, ಪರದೆಯನ್ನು ಹಳೆ ಗಿರಾಕಿಯ ಮುಖ ನೋಡುವ ಹಾಗೆ ನೋಡಿ, ತಗ್ಗಿದ ದನಿಯಲ್ಲಿ ತಮ್ಮ ಮಾತು ಹೇಳಿದರು. ಗೋಡೆ ಪಕ್ಕದ ಸಾಲೇ ಆಗಲಿ, ಅಲ್ಲಿ ಗಾಳಿ ಬೆಳಕು ಚೆನ್ನಾಗಿದೆ. ಕೆಳಗೆ ಎಲ್ಲೆಂದರಲ್ಲಿ ಗುದ್ದಲಿ ಹಾಕಿದರೆ ಇನ್ನೊಬ್ಬರ ಮೇಲೆ ಬೀಳುತ್ತದೆ, ಅದನ್ನು ಯಾವ ಮನೆಯವರೂ ಸಹಿಸುವುದಿಲ್ಲ, ಸತ್ತವನೇ ಸಹಿಸುವವನಲ್ಲ.

“ಕಂಬಿ ಚುಚ್ಚಿ ನೋಡೋಕೆ ಆಗಲ್ವಾ?” ಎಂದು ಮಗಳು ಕೇಳಿದಳು.

ಹೊಸ್ತಿಲ ಆಚೆ ನಿಂತಿದ್ದ ಗುಂಡಿ ತೋಡುವವನು ತಲೆಯಾಡಿಸಿದ. ಅವನನ್ನು ಎಲ್ಲರೂ ಉದ್ದಣ್ಣ ಎನ್ನುತ್ತಿದ್ದರು. ಗುದ್ದಲಿಯ ಕಾವಿಗಿಂತ ಒಂದು ಗೇಣು ಎತ್ತರ ಇದ್ದನೇನೋ. ಪ್ರವಾಹ ಕಳೆದ ಮೇಲೆ ಕೆಲಸಕ್ಕೆ ಸೇರಿದವನು, ಗೂಟಗಳನ್ನು ಕಣ್ಣಲ್ಲಿ ಕಂಡವನೇ ಅಲ್ಲ.

“ಕಂಬಿ ಕೆಳಗೆ ಯಾರೋ ಇದಾರೆ ಅಂತ ಹೇಳುತ್ತೆ ಅಕ್ಕ. ಯಾರು ಅಂತ ಹೇಳಲ್ಲ.”

ಸೋದರತ್ತೆಗೆ ಗೊತ್ತಿರಬೇಕಿತ್ತು. ಆದರೆ ಅವಳು ಬಂದದ್ದು ಮಣ್ಣು ಮಾಡಿದ ದಿನ ಒಂದೇ. ಆಗ ಅಲ್ಲೊಂದು ದೊಡ್ಡ ಮರ ಇತ್ತು ಎಂದಷ್ಟೇ ನೆನಪು. ಆ ಮರವನ್ನೂ ಹಳ್ಳ ಬಿಟ್ಟಿರಲಿಲ್ಲ. ಮಂಡಿನೋವಿನವಳು, ಆ ದಿನದ ಮೇಲೆ ಗೇಟಿನಿಂದ ಮುಂದೆ ಹೋದವಳಲ್ಲ. ಹಾಗೆಂದು ಅವಳ ನಾಲಿಗೆಗೆ ನೋವಿರಲಿಲ್ಲ.

“ನೀನು ವರ್ಷಕ್ಕೊಂದ್ಸಲನಾದ್ರೂ ಆ ಕಡೆ ಹೋಗಿ ನಿಂತಿದ್ರೆ, ನಿಮ್ಮಮ್ಮ ಎಲ್ಲಿದಾಳೆ ಅಂತ ಈ ಡಬ್ಬಾನ ಕೇಳೋ ಗತಿ ಬರ್ತಿರ್ಲಿಲ್ಲ.”

ಮಗಳು ಮತ್ತೆ ವಯರುಗಳ ಕಡೆ ಬಗ್ಗಿದಳು. ಮಣ್ಣು ಮಾಡಿದ ದಿನ ಅತ್ತ ಕಣ್ಣಿಗೆ ಜಾಗದ ಗುರುತು ಉಳಿದಿರಲಿಲ್ಲ. ಬಂದಾಗಲೆಲ್ಲ ಸಂಜೆ ಬಸ್ಸಿಗೆ ಹೊರಡುವ ಅವಸರ. ಮುಂದಿನ ಸಲ ಹೋದರಾಯಿತು ಎಂದುಕೊಳ್ಳುತ್ತಲೇ ಅಮ್ಮ ಹೋಗಿ ಎಷ್ಟೋ ಮುಂದಿನ ಸಲಗಳು ಆಗಿಹೋಗಿದ್ದವು. ಮೇಜಿನ ಮೇಲಿದ್ದ ಅವಳ ಫೋನು ಹೊಡೆದುಕೊಂಡಿತು. ಗಂಡ. ಮಧ್ಯಾಹ್ನದ ಬಸ್ಸು ಹಿಡಿಯುತ್ತೇನೆ, ನನಗಾಗಿ ಕಾಯಬೇಡಿ ಎಂದ. ಸರಿ ಎಂದು ಇಟ್ಟಳು.

ಬಿಸಿಲು ಗೋಡೆಯ ನೆತ್ತಿಗೆ ಬರುವ ತನಕ ನೋಡೋಣ, ಆಮೇಲೆ ಮೇಲಿನ ಸಾಲಿನಲ್ಲಿ ಗುಂಡಿ ತೋಡಿಸುತ್ತೇನೆ ಎಂದು ಯಜಮಾನರು ಹೊರಗೆ ಹೋದರು.

*

ಅಪ್ಪನ ಫೋನು ಬರುತ್ತಿದ್ದುದು ಭಾನುವಾರ. ಕ್ಷೇಮ ಸಮಾಚಾರಕ್ಕೆಂದು ಅವನು ಎಂದೂ ಫೋನು ಮಾಡಿದವನಲ್ಲ. ಕಂಪ್ಯೂಟರಿಗೆ ಏನಾದರೂ ಆದರೆ ಮಾತ್ರ. ಅದಕ್ಕೆ ವಾರವಾರವೂ ಏನಾದರೂ ಆಗುತ್ತಿತ್ತು.

ಮಗಳ ಕೆಲಸವೇ ಅದು. ದೂರದ ಪಟ್ಟಣದಲ್ಲಿ ಫ್ರಿಜ್ಜು, ಬಟ್ಟೆ ಒಗೆಯುವ ಯಂತ್ರ ಮಾರುವ ಕಂಪನಿಯೊಂದರ ದೂರು ಕೇಳುವ ಕುರ್ಚಿಯಲ್ಲಿ ಕೂತು, ಗಾಬರಿ ಬೇಡ ಸರ್, ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದು ದಿನವಿಡೀ ಗುರುತಿಲ್ಲದವರಿಗೆ ಬೆಣ್ಣೆಯಂಥ ದನಿಯಲ್ಲಿ ಹೇಳುತ್ತಿದ್ದಳು. ಭಾನುವಾರದ ಹೊತ್ತಿಗೆ ಆ ಬೆಣ್ಣೆಯ ತಳ ಕಂಡಿರುತ್ತಿತ್ತು.

“ಅದರಲ್ಲಿ ಏನೋ ಬರ್ಕೊಂಡು ಬಂದಿದೆ ಕಣಮ್ಮ.”

“ಏನು ಅಂತ ಓದು.”

“ಇಲ್ಲಿಂದ ಕಾಣಲ್ವಲ್ಲ. ನಾನು ಹೊರಗಿದೀನಿ. ಮನೇಲಿ ಟವರ್ ಸಿಗಲ್ಲ.”

ಹೋಗಿ ಓದಿಕೊಂಡು ಬಾ ಎಂದರೆ ಹೋಗುತ್ತಿದ್ದ. ಚಪ್ಪಲಿಯ ಸದ್ದು ದೂರವಾಗಿ, ಬಹಳ ಹೊತ್ತಿನ ಮೇಲೆ ಮತ್ತೆ ಹತ್ತಿರವಾಗುತ್ತಿತ್ತು. ಬಾಯಿಪಾಠ ಮಾಡಿಕೊಂಡು ಬಂದದ್ದರಲ್ಲಿ ಅರ್ಧ ದಾರಿಯಲ್ಲೇ ಉದುರಿಹೋಗಿರುತ್ತಿತ್ತು. ಮೇಲಿನ ಸಾಲಿನ ಎಂಟನೇ ಗುಂಡಿ ಒತ್ತಿ ಹಿಡಿ ಎಂದರೆ ಅದಕ್ಕೊಂದು ಸಲ ಹೋಗಿ ಬರುವುದು. ಒತ್ತಿದರೆ ಏನು ಬಂತು ಎಂದು ಹೇಳಲು ಇನ್ನೊಂದು ಸಲ. ಎರಡು ನಿಮಿಷದ ಕೆಲಸಕ್ಕೆ ಅಪ್ಪ ಮಗಳ ಬೆಳಗಿನ ಹೊತ್ತೆಲ್ಲ ಕರಗಿಹೋಗುತ್ತಿತ್ತು. ಮೆಷೀನಿನ ಮುಂದೆ ನಿಂತು ಮಾತಾಡಲು ಆಗುವುದಿಲ್ಲವೇ ಎಂದು ಅವಳು ಕೇಳದ ವಾರವಿರಲಿಲ್ಲ. ಏನು ಮಾಡಲಿ, ಇಲ್ಲೇ ಸಿಗುವುದು ಎಂದು ಅವನು ಹೇಳದ ವಾರವೂ ಇರಲಿಲ್ಲ.

“ನಿನ್ನ ದನಿ ಬಾವಿಯೊಳಗಿಂದ ಬಂದ ಹಾಗೆ ಬರ್ತಿದೆ. ಫೋನನ್ನ ಬಾಯಿ ಹತ್ರ ಹಿಡ್ಕೋ.”

“ಹಿಡ್ಕೊಂಡಿದೀನಮ್ಮ,” ಎನ್ನುತ್ತಿದ್ದ. ದನಿ ಮಾತ್ರ ಒಂದಿಷ್ಟೂ ಹತ್ತಿರ ಬರುತ್ತಿರಲಿಲ್ಲ.

ಈ ಓಡಾಟದ ನಡುವೆ ಮೊಮ್ಮಗಳ ಹಲ್ಲು ಬಿತ್ತಾ, ಅಳಿಯನ ಬೆನ್ನುನೋವು ಹೇಗಿದೆ, ಮನೆ ಮಾಲೀಕ ನೀರು ಬಿಡುತ್ತಾನಾ ಎಂದು ಒಂದೊಂದೇ ಕೇಳುತ್ತಿದ್ದ. ಅವಳು ಹೇಳಿದರೆ, “ಜೋರಾಗಿ ಹೇಳು, ಜೋರಾಗಿ,” ಎನ್ನುತ್ತಿದ್ದ. ಅಪ್ಪನಿಗೆ ಕಿವಿ ಮಂದವಾಗುತ್ತಿದೆ, ಈ ಸಲ ಹೋದಾಗ ತೋರಿಸಬೇಕು ಎಂದು ಗಂಡನ ಹತ್ತಿರ ಹೇಳಿದ್ದಳು.

ಕೊನೆಯ ಸಲ ಫೋನು ಬಂದಾಗ ಅವಳು ಬೀಗದ ಕೈ ಹಿಡಿದು ಹೊರಗೆ ಹೊರಟು ನಿಂತಿದ್ದಳು. ಕಂಪ್ಯೂಟರು ಬಸವನ ಹುಳುವಾಗಿದೆ, ಒಳಗೆ ಜಾಗ ಇಲ್ಲ ಅಂತ ಹೇಳುತ್ತಿದೆ ಎಂದ ಅಪ್ಪ.

“ಬೇಡದ್ದನ್ನೆಲ್ಲ ತೆಗೆದು ಹಾಕಪ್ಪ.”

“ಬೇಡದ್ದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?”

“ಹಳೇದು. ತುಂಬಾ ದಿನದಿಂದ ಯಾರೂ ತೆಗೆದು ನೋಡ್ದೇ ಇರೋದು. ತಾರೀಖು ಇರುತ್ತಲ್ಲ ಪಕ್ಕದಲ್ಲಿ.”

ಆ ಕಡೆ ಗಾಳಿ ಬೀಸುತ್ತಿತ್ತು.

“ಓ, ಅಷ್ಟೇನಾ,” ಎಂದ ಅಪ್ಪ. “ಅದು ನಮ್ಮ ಕಸುಬೇ ಬಿಡು.”

ನಿಜಕ್ಕೂ ಅದು ಅವನ ಕಸುಬೇ ಆಗಿತ್ತು. ಇದ್ದ ನೆಲ ಅಷ್ಟೇ, ಸಾಯುವವರು ಹೆಚ್ಚು. ವರ್ಷಗಟ್ಟಲೆ ಯಾರೂ ಬಂದು ನೋಡದ ಗುಂಡಿ ಯಾವುದೆಂದು ಕಾವಲಿನವನು ಗಮನಿಸಿಕೊಂಡಿರಬೇಕು. ಮನೆಯವರು ಇಲ್ಲವೆಂದೋ ಮರೆತರೆಂದೋ ಖಚಿತವಾದ ಮೇಲೆ, ಸಮಿತಿಯವರ ಒಪ್ಪಿಗೆ ಪಡೆದು, ಆ ಜಾಗವನ್ನು ಇನ್ನೊಬ್ಬರಿಗೆ ಬಿಡಿಸಿಕೊಡಬೇಕು. ಅಪ್ಪ ಅದನ್ನು ಅವಸರದಿಂದ ಮಾಡುತ್ತಿರಲಿಲ್ಲ. ಇನ್ನೊಂದು ವರ್ಷ ನೋಡೋಣ, ಯಾರಾದರೂ ಬಂದಾರು ಎಂದು ಮುಂದೂಡುತ್ತಿದ್ದ. ಬರದಿದ್ದರೆ ಮಾತ್ರ ಕೈ ಹಾಕುತ್ತಿದ್ದ. ಆ ದಿನ ಅವನು ಸರಿಯಾಗಿ ಊಟ ಮಾಡುತ್ತಿರಲಿಲ್ಲ ಎಂದು ಅಮ್ಮ ಹೇಳುತ್ತಿದ್ದಳು.

*

ಮೂಲ ಸೀಡಿ ಬೇಕಾಗಿತ್ತು. ಮಗಳು ಮೇಜಿನ ಗೂಡು, ಕಪಾಟು, ಮಂಚದಡಿಯ ಟ್ರಂಕು ಎಲ್ಲ ತಡಕಿದಳು. ಟ್ರಂಕಿಗೆ ಕೈ ಹಾಕುವಾಗ ಅಪ್ಪನ ಮಂಚದ ಪಕ್ಕದಲ್ಲೇ ಬಗ್ಗಬೇಕಾಯಿತು. ಹೊದಿಕೆಯ ಹೊರಗೆ ಒಂದು ಹೆಬ್ಬೆರಳು ಕಾಣುತ್ತಿತ್ತು, ಉಗುರಿನಲ್ಲಿ ಇನ್ನೂ ಮಣ್ಣು. ಅದನ್ನು ಮುಚ್ಚಿ ಎದ್ದಳು.

ಆ ಸೀಡಿ ಕಂಪ್ಯೂಟರಿನ ಜೊತೆಗೇ ಕೊಟ್ಟಿದ್ದೆ, ನನಗೆ ಚೆನ್ನಾಗಿ ನೆನಪಿದೆ ಎಂದು ಯಜಮಾನರು ಬೆಂಚಿನಿಂದಲೇ ಹೇಳಿದರು. ಕೊಟ್ಟದ್ದನ್ನು ಅಣ್ಣ ಎಸೆಯುವವನಲ್ಲ, ತುಂಡು ಹಗ್ಗವನ್ನೂ ಎತ್ತಿಡುವವನು ಎಂದು ಸೋದರತ್ತೆ ಹೇಳಿದಳು. ಹೊಳೆಯುವ ತಟ್ಟೆ ತಾನೇ ಎಂದು ಉದ್ದಣ್ಣ ಕೇಳಿದ. ಹೌದೆಂದ ಮೇಲೆ ಅವನು ಹಿತ್ತಲ ಬಾಗಿಲು ತೆರೆದು ಕೈ ತೋರಿಸಿದ.

ಹುರುಳಿಕಾಯಿ ಮಡಿಯ ಮೇಲೆ ಅಡ್ಡಲಾಗಿ ದಾರ ಕಟ್ಟಿತ್ತು. ದಾರದ ತುಂಬ ಸೀಡಿಗಳು. ಬಿಸಿಲಿಗೆ ಮಿರಮಿರ ಮಿಂಚುತ್ತ, ಗಾಳಿಗೆ ಗಿರಕಿ ಹೊಡೆಯುತ್ತ, ಹಕ್ಕಿಗಳನ್ನು ಬೆದರಿಸುತ್ತಿದ್ದವು. ಮಗಳು ಮಡಿಯ ಬದಿಯಿಂದ ಹುಲ್ಲಿನೊಳಕ್ಕೆ ಹೊರಟಿದ್ದ ಸಣ್ಣ ಕಾಲುದಾರಿಯೊಂದನ್ನು ದಾಟಿ, ಒಂದೊಂದನ್ನೇ ಹಿಡಿದು ತಿರುಗಿಸಿ ನೋಡಿದಳು. ಹಾಡಿನವು, ಟೈರು ಕಂಪನಿಯ ಜಾಹೀರಾತಿನವು, ಮಳೆಗೆ ಬಣ್ಣ ಎದ್ದು ಹೋದವು. ಕೊನೆಯಿಂದ ಎರಡನೆಯದೇ ಬೇಕಾದದ್ದು. ಹಕ್ಕಿಯೊಂದು ಅದಕ್ಕೆ ಹೆದರಿರಲಿಲ್ಲ ಎನ್ನುವುದಕ್ಕೆ ಗುರುತು ಅದರ ಬೆನ್ನ ಮೇಲೇ ಇತ್ತು.

“ನೋಡು ನಿಮ್ಮಪ್ಪನ ಬುದ್ಧಿ,” ಎಂದಳು ಸೋದರತ್ತೆ. ನಗು ಬಂದದ್ದನ್ನು ತಡೆಯಲು ಹೋಗಿ ಅಳು ಬಂತು. ಬಾಗಿಲಿಗೆ ಒರಗಿ ಅತ್ತಳು.

ಸಾಬೂನಿನ ನೀರಿನಲ್ಲಿ ತೊಳೆದು, ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ಒರೆಸಿ ಒಳಗೆ ಹಾಕಿದ ಮೇಲೆ ಕಂಪ್ಯೂಟರು ಬಹಳ ಹೊತ್ತು ಅದನ್ನು ಅಗಿಯಿತು. ಬೇಡವೆಂದು ಹೊರಗೆ ಉಗುಳಿತು. ಮತ್ತೆ ಒರೆಸಿ ಕೊಟ್ಟಳು. ಈ ಸಲ ನೀಲಿ ಪರದೆ ಬಂದು, ಸರಿಪಡಿಸಬೇಕೇ ಎಂದು ಕೇಳಿತು. ಹೌದು. ಡಿಸ್ಕನ್ನು ಮೊದಲಿನಿಂದ ಕೊನೆಯ ತನಕ ಪರೀಕ್ಷಿಸಬೇಕೇ? ಹೌದು. ಬದುಕಿರುವ ಚೂರುಗಳು ಸಿಕ್ಕಿದರೆ ಎತ್ತಿಡಬೇಕೇ?

ಹೌದು ಎಂದು ಒತ್ತಿ ಅವಳು ಕೈ ಕಟ್ಟಿ ಕೂತಳು. ಶೇಕಡಾ ಲೆಕ್ಕ ಇರುವೆಯ ಹಾಗೆ ಏರುತ್ತಿತ್ತು, ಒಂದೊಂದು ಕಡೆ ನಿಂತು ಯೋಚಿಸುತ್ತಿತ್ತು. ಹೊರಗೆ ಬೆಂಚಿನ ಮೇಲೆ ಚಹಾ ಲೋಟಗಳ ಸದ್ದು. ಕಾವಲಿನವನು ಇರುಳಲ್ಲಿ ತಮ್ಮ ಸೈಕಲ್ಲಿಗೆ ಗಾಳಿ ಹಾಕಿಕೊಟ್ಟದ್ದನ್ನು ಯಾರೋ ಹೇಳುತ್ತಿದ್ದರು. ಇನ್ಯಾರೋ, ತಮ್ಮ ತಂದೆಯನ್ನು ಮಣ್ಣು ಮಾಡಿದ ದಿನ ತಾವು ಅತ್ತೂ ಅತ್ತೂ ಸುಸ್ತಾಗಿ ಅವನ ಮನೆಯಲ್ಲೇ ನಿದ್ದೆಹೋದದ್ದನ್ನು, ಎದ್ದಾಗ ಅವನ ಹೆಂಡತಿ ಮೈಮೇಲೆ ಕಂಬಳಿ ಹೊದಿಸಿದ್ದುದನ್ನು ಹೇಳಿದರು. ಆ ಹೆಂಗಸಿನ ಜಾಗ ಸಿಕ್ಕಿತಾ ಎಂದು ಕೇಳಿದರು. ಇನ್ನೂ ಹುಡುಕುತ್ತಿದ್ದಾರೆ ಎಂದರು ಯಜಮಾನರು.

ಕಳೆದುಹೋದ ಫೈಲುಗಳ ಪಟ್ಟಿ ಪರದೆಯ ಮೇಲೆ ಹರಿಯತೊಡಗಿತು. ಮಗಳು ಅದನ್ನು ನೋಡುತ್ತ ನೋಡುತ್ತ ಮುಂದಕ್ಕೆ ಬಾಗಿದಳು. ವೈರಸ್ಸು ತಿಂದದ್ದು ಹೀಗೆ ಇರುವುದಿಲ್ಲ; ಕರೆಂಟು ಹೋಗಿ ಕೆಟ್ಟದ್ದೂ ಹೀಗೆ ಇರುವುದಿಲ್ಲ. ಒಂದು ತಾರೀಖಿನಿಂದ ಹಿಂದಿನದು ಒಂದೂ ಉಳಿದಿರಲಿಲ್ಲ. ಕಳೆ ಕಿತ್ತ ಮಡಿಯ ಹಾಗೆ ಅಚ್ಚುಕಟ್ಟಾಗಿತ್ತು. ಕಂಪ್ಯೂಟರು ಹುಟ್ಟಿದ ದಿನದಿಂದ ಒಳಗೇ ಇದ್ದು, ಯಾರೂ ಎಂದೂ ತೆರೆದು ನೋಡದೆ, ಯಾರಿಗೂ ಕಾಣದೆ ಅದನ್ನು ನಡೆಸುತ್ತಿದ್ದ ಫೈಲುಗಳು. ಅವುಗಳ ಪಕ್ಕದ ತಾರೀಖನ್ನು ಅಪ್ಪ ಕನ್ನಡಕ ಏರಿಸಿ ಓದಿದ್ದ. ತೆಗೆಯಲೇಬೇಕೇ, ಖಚಿತವೇ ಎಂದು ಯಂತ್ರ ಪ್ರತಿ ಸಲವೂ ಕೇಳಿರಬೇಕು. ಮಗಳು ಹೇಳಿದ್ದಾಳೆ, ಅವಳ ಕಸುಬೇ ಅದು ಎಂದು ಅವನು ಪ್ರತಿ ಸಲವೂ ಹೌದು ಒತ್ತಿರಬೇಕು. ಇವಕ್ಕೆ ಯಾರಾದರೂ ಬರುತ್ತಾರೆಯೇ ಎಂದು ಎಷ್ಟು ಹೊತ್ತು ಕಾದು ಕೂತಿದ್ದನೋ.

ಸೀಡಿಯ ಗೀರುಗಳ ಮೇಲೆ ಎಡವುತ್ತ ಎಡವುತ್ತ ಒಂದೊಂದೇ ಫೈಲು ತನ್ನ ಜಾಗಕ್ಕೆ ಮರಳಿತು. ಬಿಸಿಲು ಕಿಟಕಿಯಿಂದ ಜಾರಿ ನೆಲಕ್ಕೆ ಬಂದಾಗ ಕಂಪ್ಯೂಟರು ಒಂದು ಸಲ ಆರಿ, ಹೊತ್ತಿಕೊಂಡು, ಮಂಕಾದ ರಾಗ ಹಾಡಿ ಎದ್ದು ನಿಂತಿತು. ಅಂಗಳದವರೆಲ್ಲ ಬಾಗಿಲಿಗೆ ಬಂದರು.

ನಕ್ಷೆ ಎಂದು ಅಪ್ಪ ಹೆಸರಿಟ್ಟಿದ್ದ ಫೋಲ್ಡರು ಅಲ್ಲೇ ಇತ್ತು. ಒತ್ತಿದಳು. ಒಳಗೆ ಏನೂ ಇರಲಿಲ್ಲ.

“ಎಲ್ಲಿ ಹೋಯ್ತು?” ಎಂದರು ಯಜಮಾನರು.

ಎಲ್ಲಿ ಹೋಯಿತೆಂದು ಅವಳಿಗೆ ಹೊಳೆಯಿತು. ನಕ್ಷೆಯನ್ನು ಅಪ್ಪ ವರ್ಷಗಟ್ಟಲೆ ತೆರೆದಿರಲಿಲ್ಲ. ಯಾಕೆ ತೆರೆಯಬೇಕಿತ್ತು? ಆ ನೆಲ ಅವನ ಅಂಗಾಲಿಗೆ ಬಾಯಿಪಾಠವಾಗಿತ್ತು. ಹಳೆಯದು, ಯಾರೂ ತೆಗೆದು ನೋಡದ್ದು ಎಂಬ ಲೆಕ್ಕಕ್ಕೆ ಅದೂ ಸೇರಿತ್ತು. ಪರದೆಯ ಮೂಲೆಯ ಕಸದ ಬುಟ್ಟಿ ತೆರೆದು ನೋಡಿದಳು. ಅದನ್ನೂ ಅಪ್ಪ ಗುಡಿಸಿ ಚೊಕ್ಕ ಮಾಡಿದ್ದ.

ಡಿಸ್ಕು ಪರೀಕ್ಷೆಯಲ್ಲಿ ಸಿಕ್ಕಿದ ಚೂರುಗಳು ಒಂದು ಮೂಲೆಯಲ್ಲಿ ಬೇರೆಯಾಗಿ ಬಿದ್ದಿದ್ದವು. ಅವಕ್ಕೆ ಹೆಸರಿಲ್ಲ, ಬರೀ ನಂಬರು, ಗೂಟಕ್ಕೆ ಹೊಡೆದ ತಗಡಿನ ಹಾಗೆ. ಒಳಗೆ ಏನಿದೆ ಎಂದು ಹೊರಗಿನಿಂದ ತಿಳಿಯುವಂತಿಲ್ಲ. ಒಂದೊಂದರ ನಂಬರಿನ ಕೊನೆಗೂ ಚಿತ್ರದ ಫೈಲಿಗಿರುವ ಮೂರಕ್ಷರದ ಬಾಲ ಅಂಟಿಸಿ ತೆರೆದು ನೋಡಿದಳು. ಹೆಚ್ಚಿನವು ತೆರೆಯಲೇ ಇಲ್ಲ. ಒಂದರಲ್ಲಿ ಯಾವುದೋ ಟೈರು ಬಂತು. ಒಂದರಲ್ಲಿ ಮೊಮ್ಮಗಳ ಮೂಗು, ಅರ್ಧ ಬಾಯಿ. ಆಮೇಲೆ, ಬೆಂಚಿನವರು ಒಬ್ಬೊಬ್ಬರೇ ಹೊರಗೆ ಹೋಗಿಬಿಟ್ಟ ಮೇಲೆ, ಒಂದು ಚೂರಿನಲ್ಲಿ ಮೇಲಿನ ಗೋಡೆ ಬಂತು, ಗೇಟು ಬಂತು, ಮನೆ ಬಂತು. ಅದರ ಕೆಳಗೆ ಅಪ್ಪನ ಚೌಕಗಳು, ಸಾಲುಸಾಲಾಗಿ, ಒಂದೊಂದರಲ್ಲೂ ಹೆಸರು. ಮಗಳು ಪರದೆಯ ಮೇಲೆ ಬೆರಳಿಟ್ಟು ಸಾಲಿನಿಂದ ಸಾಲಿಗೆ ಇಳಿದಳು. ಮೊದಲನೆಯದು, ಎರಡನೆಯದು, ನಡುವಿನ ದಾರಿ. ದಾರಿಯಿಂದ ಕೆಳಕ್ಕೆ ಚಿತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು. ಹಳ್ಳ ಹರಿದಿದ್ದ ಭಾಗವೆಲ್ಲ ಒಂದೇ ಬೂದು, ಗೆರೆಯಿಲ್ಲ, ಹೆಸರಿಲ್ಲ.

ಅವಳು ಆ ಬೂದಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಹೊರಗೆ ಬಂದು ಯಜಮಾನರಿಗೆ, ಮೇಲಿನ ಸಾಲೇ ಆಗಲಿ ಎಂದಳು. ಅವರು ಅವಳ ತಲೆಯ ಮೇಲೆ ಕೈಯಿಟ್ಟು ತೆಗೆದರು. ಉದ್ದಣ್ಣ ಗುದ್ದಲಿ ಹೆಗಲಿಗೆ ಏರಿಸಿದ. ಮಗಳು ಒಳಗೆ ಹೋಗಿ ಕಂಪ್ಯೂಟರು ಆರಿಸಲು ಗುಂಡಿಯ ಮೇಲೆ ಬೆರಳಿಟ್ಟಾಗ ಮೇಜಿನ ಮೇಲಿದ್ದ ಫೋನು ಮತ್ತೆ ಹೊಡೆದುಕೊಂಡಿತು.

ಗಂಡ ಬಸ್ಸಿನಲ್ಲಿದ್ದ. ಪೇಟೆ ದಾಟಿತು, ಈ ಸಲವೂ ದಾರಿ ಮರೆತಿದೆ, ಇಳಿದ ಮೇಲೆ ಎಡಕ್ಕೋ ಬಲಕ್ಕೋ ಎಂದು ಕೇಳಿದ. ಇಳಿದ ಮೇಲೆ ಫೋನು ಮಾಡು, ಹೇಳುತ್ತೇನೆ ಎಂದಳು. ಅವನ ಮಾತು ಕಿವಿಯಲ್ಲೇ ಕೂತು ಆಡಿದಷ್ಟು ಸ್ಪಷ್ಟವಾಗಿತ್ತು. ಮಾತು ಮುಗಿಸಿ ಫೋನನ್ನು ಕೆಳಗಿಡಲು ಹೋದವಳು ಇಡದೆ ಹಾಗೇ ಹಿಡಿದು ನೋಡಿದಳು. ಟವರಿನ ಕಡ್ಡಿಗಳು ತುಂಬಿ ನಿಂತಿದ್ದವು. ಮಂಚದ ಕೋಣೆಗೆ ಹೋದಳು, ತುಂಬಿದ್ದವು. ಅಡಿಗೆಮನೆಗೆ ಹೋದಳು. ಅಲ್ಲೂ ತುಂಬಿದ್ದವು.

ಅಂಗಳ ದಾಟುತ್ತಿದ್ದ ಉದ್ದಣ್ಣನನ್ನು ಕರೆದಳು.

“ಈ ಮನೇಲಿ ಯಾವಾಗ್ಲೂ ಟವರ್ ಸಿಗುತ್ತಾ?”

“ಸಿಗದೆ ಏನಕ್ಕ, ಕಂಬ ಗೇಟಿನ ಆಚೆಗೇ ಇದೆ. ಈ ಮನೇಲಿ ಸಿಕ್ಕ ಹಾಗೆ ಊರಲ್ಲಿ ಎಲ್ಲೂ ಸಿಗಲ್ಲ. ನಾನೂ ಇಲ್ಲಿಗೇ ಬಂದು ಮಾತಾಡೋದು.”

“ಮತ್ತೆ ಅಪ್ಪ ನನಗೆ ಫೋನ್ ಮಾಡೋಕೆ ಎಲ್ಲಿಗೆ ಹೋಗ್ತಿದ್ರು?”

ಉದ್ದಣ್ಣ ಗುದ್ದಲಿ ಇಳಿಸಿದ.

“ಕೆಳಗಡೆ ಹೋಗ್ತಿದ್ರು, ಹುಲ್ಲಲ್ಲಿ. ನಾನೂ ಒಂದ್ಸಲ ಕೇಳ್ದೆ, ದೊಡ್ಡೋರೇ, ಬಿಸಿಲಲ್ಲಿ ಯಾಕೆ ಅಷ್ಟು ದೂರ ಓಡಾಡ್ತೀರಿ, ಒಳಗೇ ಕೂತು ಮಾತಾಡಿ ಅಂತ. ಇಲ್ಲಿ ಚೆನ್ನಾಗಿ ಕೇಳ್ಸುತ್ತೆ ಕಣೋ ಅಂದ್ರು.” ಅವನು ತನ್ನ ಕೈಯನ್ನು ತೊಡೆಯ ಪಕ್ಕಕ್ಕೆ ಇಳಿಬಿಟ್ಟು ತೋರಿಸಿದ. “ಜೋರಾಗಿ ಕೇಳೋ ಹಾಗೆ ಗುಂಡಿ ಒತ್ತಿ, ಹೀಗೆ ಕೆಳಗೆ ಹಿಡ್ಕೊಂಡು ನಿಂತಿರ್ತಿದ್ರು. ವಯಸ್ಸಾಯ್ತಲ್ಲ, ಕೈ ಎತ್ತೋಕಾಗಲ್ಲ ಅಂದ್ಕೊಂಡೆ.”

ಮಗಳು ಹಿತ್ತಲ ಬಾಗಿಲಿನಿಂದ ಇಳಿದಳು. ಹುರುಳಿಕಾಯಿ ಮಡಿಯ ಬದಿಯ ಕಾಲುದಾರಿ ಅಲ್ಲಿಂದಲೇ ಹೊರಡುತ್ತಿ​ತ್ತು. ಒಬ್ಬನೇ ಮನುಷ್ಯ ನಡೆದು ನಡೆದು ಆದ ದಾರಿ, ಎರಡು ಪಾದ ಜೋಡಿಸಿದರೆ ತುಂಬುವಷ್ಟು ಅಗಲ. ಅದು ಹಿತ್ತಲ ನಲ್ಲಿಯ ಕಡೆಗೆ ಹೋಗಲಿಲ್ಲ, ಗೋಡೆಯ ಕಡೆಗೂ ಹೋಗಲಿಲ್ಲ. ಮೊಣಕಾಲುದ್ದದ ಹುಲ್ಲನ್ನು ಸೀಳಿಕೊಂಡು ಕೆಳಕ್ಕೆ ಇಳಿದು, ಬಯಲಿನ ನಡುವೆ, ಯಾಕೆಂದು ಹೇಳದೆ ನಿಂತುಬಿಟ್ಟಿತು. ನಿಂತಲ್ಲಿ ಹುಲ್ಲು ಸತ್ತು ನೆಲ ಬೋಳಾಗಿತ್ತು. ಒಬ್ಬಾಳು ನಿಂತುಕೊಂಡು ಆಗಾಗ ಕಾಲು ಬದಲಿಸುವಷ್ಟು ಜಾಗ.

ಅವಳು ಅದರ ಮೇಲೆ ನಿಂತಳು.

ಯಜಮಾನರು ಬಂದರು. ಸೋದರತ್ತೆಯೂ ಗೇಟಿನಿಂದ ಮುಂದೆ ಬಂದಳು, ಮಂಡಿಯ ಮೇಲೆ ಕೈ ಊರಿಕೊಂಡು, ಆ ಕಾಲುದಾರಿಯಲ್ಲೇ. ಉದ್ದಣ್ಣ ಕಂಬಿ ತಂದು, ಬೋಳು ನೆಲದಿಂದ ಬಲಕ್ಕೆ ಒಂದು ಮಾರು ದೂರದಲ್ಲಿ ಊರಿ ಮೈಭಾರ ಬಿಟ್ಟ. ಕಂಬಿ ಸಲೀಸಾಗಿ ಇಳಿಯಿತು. ಯಾವಾಗಲೋ ಅಗೆದು ಮುಚ್ಚಿದ ಮಣ್ಣು. ಅದನ್ನು ಮೆಲ್ಲನೆ ಎಳೆದುಕೊಂಡು, ತುದಿಯನ್ನು ಅಂಗೈಯಿಂದ ಒರೆಸಿದ. ಆಮೇಲೆ ಮಗಳ ಕಾಲ ಬುಡದಲ್ಲಿ ಊರಿದ. ಟಣ್ ಎಂದು ನಿಂತಿತು. ಎರಡು ಸಲ ಎತ್ತಿ ಕುಕ್ಕಿದರೂ ಇಳಿಯಲಿಲ್ಲ. ಹಳ್ಳ ಹೊತ್ತು ತಂದ ಮೇಲ್ಮಣ್ಣಿನ ಅಡಿಯಲ್ಲಿ ನೆಲ ಕಲ್ಲಿನ ಹಾಗಿತ್ತು.

“ಗುದ್ದಲಿ ಮುಟ್ಟದ ನೆಲ,” ಎಂದ. ಯಜಮಾನರ ಮುಖ ನೋಡಿದ. ಅವರು ತಲೆಯಾಡಿಸಿದರು.

“ಸ್ವಲ್ಪ ಸರೀರಿ ಅಕ್ಕ. ನೀವು ನಿಂತಿರೋದೇ ಜಾಗ.”

ಅವಳು ಹಿಂದಕ್ಕೆ ಸರಿದು ಹುಲ್ಲಿನಲ್ಲಿ ನಿಂತಳು. ಮೊದಲ ಏಟು ಬಿದ್ದಾಗ ಕೈಯಲ್ಲಿದ್ದ ಫೋನು ಹೊಡೆದುಕೊಂಡಿತು. ಸೋದರತ್ತೆ ಅದರ ಕಡೆ ನೋಡಿದಳು. ಮಗಳು ಕಿವಿಗೆ ಎತ್ತಲಿಲ್ಲ. ಜೋರಾಗಿ ಕೇಳುವ ಗುಂಡಿ ಒತ್ತಿ, ಕೈಯನ್ನು ತೊಡೆಯ ಪಕ್ಕಕ್ಕೆ, ಅಮ್ಮ ಮಲಗಿದ್ದ ನೆಲದ ಕಡೆಗೆ ಇಳಿಬಿಟ್ಟಳು.

“ಇಳಿದೆ ಕಣೆ,” ಎಂದಿತು ಗಂಡನ ದನಿ ಹುಲ್ಲಿನೊಳಗಿಂದ. “ಎಡಕ್ಕೋ, ಬಲಕ್ಕೋ?”

“ಎಡಕ್ಕೆ,” ಎಂದಳು.

“ಏನಂದೆ? ನಿನ್ನ ದನಿ ದೂರದಿಂದ ಬರ್ತಿದೆ. ಫೋನ್ ಹತ್ರ ಹಿಡ್ಕೋ.”

“ಹಿಡ್ಕೊಂಡಿದೀನಿ,” ಎಂದಳು ಮಗಳು. ಕೈ ಮೇಲಕ್ಕೆ ಬರಲಿಲ್ಲ. ಉದ್ದಣ್ಣನ ಗುದ್ದಲಿ ಗಟ್ಟಿ ನೆಲಕ್ಕೆ ಬಿದ್ದು ಬಿದ್ದು ಏಳುತ್ತಿತ್ತು.